ಸ್ವಂತ ಕಾರಿನಲ್ಲಿ ಮೈಸೂರು ಸುತ್ತಬೇಕು: ಯಾವುದು ಮೊದಲು, ಯಾವುದು ಆಮೇಲೆ?

ಬೆಣ್ಣೆದೋಸೆ_ಊರು:
ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮುಂದಿನ ತಿಂಗಳು ಅಪ್ಪ, ಅಮ್ಮ, 9 ವರ್ಷದ ಮಗನ ಜೊತೆ ಮೈಸೂರಿಗೆ ಹೊರಟಿದ್ದೇನೆ. ಕಾರು ನಾನೇ ಓಡಿಸುತ್ತೇನೆ. ಶನಿವಾರ ರಾತ್ರಿ ತಲುಪಿ, ಭಾನುವಾರ, ಸೋಮವಾರ ಇದ್ದು, ಮಂಗಳವಾರ ವಾಪಸ್.

ಗೈಡು, ಟೂರ್ ಬಸ್ಸು ಎರಡೂ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಹೋದ ಸಲ ಬೇರೆ ಊರಿಗೆ ಬಸ್ಸಿನಲ್ಲಿ ಹೋದಾಗ ಒಂದೊಂದು ಕಡೆ ಇಪ್ಪತ್ತು ನಿಮಿಷ ಇಳಿಸಿ ಸೀಟಿ ಊದುತ್ತಿದ್ದರು. ಅಮ್ಮನಿಗೆ ಮಂಡಿ ನೋವು. ಅವರು ಬಸ್ಸಿನಿಂದ ಇಳಿಯುವಷ್ಟರಲ್ಲಿ ಉಳಿದವರು ಹತ್ತುತ್ತಿದ್ದರು. ಮತ್ತೆ ಹಾಗೆ ಆಗಬಾರದು.

ನನ್ನ ಪಟ್ಟಿ ಹೀಗಿದೆ. ಭಾನುವಾರ ಬೆಳಗ್ಗೆ ಅರಮನೆ, ಜಗನ್ಮೋಹನ ಅರಮನೆಯ ಚಿತ್ರ ಗ್ಯಾಲರಿ, ಮೃಗಾಲಯ, ಸೇಂಟ್ ಫಿಲೋಮಿನಾ ಚರ್ಚ್, ಚಾಮುಂಡಿ ಬೆಟ್ಟ, ಸಂಜೆ ಕೆಆರ್‌ಎಸ್. ಸೋಮವಾರ ಶ್ರೀರಂಗಪಟ್ಟಣ, ದೇವರಾಜ ಮಾರುಕಟ್ಟೆ. ಮಂಗಳವಾರ ಏನಾದರೂ ಉಳಿದಿದ್ದರೆ ಅದು. ಸರಿ ಇದೆಯಾ? ಊರಿನೊಳಗೆ ಕಾರು ಓಡಿಸುವುದು, ನಿಲ್ಲಿಸುವುದು ಹೇಗೆ? ಗೊತ್ತಿದ್ದವರು ಹೇಳಿ.

ಒಂಟಿಕೊಪ್ಪಲ್_ಹುಡುಗ:
ಅಕ್ಕ, ಭಾನುವಾರದ ಪಟ್ಟಿ ಓದಿಯೇ ನನಗೆ ಸುಸ್ತಾಯ್ತು. ಇದನ್ನು ಮಾಡಿದರೆ ನಿಮಗೂ ಆ ಟೂರ್ ಬಸ್ಸಿಗೂ ವ್ಯತ್ಯಾಸ ಉಳಿಯಲ್ಲ.

ಒಂದು ದೊಡ್ಡ ತಪ್ಪಿದೆ. ಭಾನುವಾರ ಸಂಜೆ ಕೆಆರ್‌ಎಸ್‌ಗೆ ಹೋಗಬೇಡಿ. ಅರಮನೆಯ ದೀಪ ಹಚ್ಚುವುದು ಭಾನುವಾರ ಮತ್ತು ಸರ್ಕಾರಿ ರಜಾ ದಿನ ಸಂಜೆ 7ಕ್ಕೆ. ಒಂದು ಗಂಟೆಯೊಳಗೆ ಮುಗಿದುಹೋಗುತ್ತೆ. ನಿಮಗೆ ಸಿಗುವುದೇ ಒಂದು ಭಾನುವಾರ. ಕೆಆರ್‌ಎಸ್‌ನ ನೀರಿನ ಕಾರಂಜಿ ಸೋಮವಾರವೂ ಇರುತ್ತೆ.

ಕರಾವಳಿ_ಕಾರು:
ಎರಡನೇ ತಪ್ಪು, ಮಂಗಳವಾರಕ್ಕೆ ಏನನ್ನೂ ಉಳಿಸಿಕೊಳ್ಳಬೇಡಿ. ಮೃಗಾಲಯಕ್ಕೆ ಸೋಮವಾರ ರಜೆ ಇರಬೇಕು, ಅದನ್ನೂ ನೋಡಿಕೊಳ್ಳಿ.

ಒಂಟಿಕೊಪ್ಪಲ್_ಹುಡುಗ:
ಸೋಮವಾರ ಅಲ್ಲ ಸರ್, ಮಂಗಳವಾರ. ಮೃಗಾಲಯಕ್ಕೂ ಪಕ್ಕದ ಕಾರಂಜಿ ಕೆರೆಗೂ ಮಂಗಳವಾರವೇ ರಜೆ.

ಕರಾವಳಿ_ಕಾರು:
ಹೌದು, ಮಂಗಳವಾರ. ತಪ್ಪು ಹೇಳಿದೆ, ಕ್ಷಮಿಸಿ. ಮಗು ಗೇಟಿನ ಮುಂದೆ ನಿಂತು ಅಳುವುದು ತಪ್ಪಿತು.

ಸ್ಟೇರಿಂಗ್_ಅಕ್ಕ:
ನಾನು ಮಂಡ್ಯದವಳು. ತಿಂಗಳಿಗೆ ಎರಡು ಸಲವಾದರೂ ಮೈಸೂರಿಗೆ ಕಾರಿನಲ್ಲಿ ಹೋಗುತ್ತೇನೆ. ನಾನು ಹೇಳುವುದು ಒಂದೇ ಮಾತು. ಮೈಸೂರನ್ನು ಎರಡು ಊರು ಅಂತ ನೋಡಿ. ಅರಮನೆ ಸುತ್ತಲಿನದು ಒಳ ಊರು. ಅದು ಕಾಲ್ನಡಿಗೆಯ ಊರು. ಬೆಟ್ಟ, ಲಲಿತಮಹಲ್, ಕಾರಂಜಿ ಕೆರೆ, ಕುಕ್ಕರಹಳ್ಳಿ ಕೆರೆ, ಕೆಆರ್‌ಎಸ್ ಇವೆಲ್ಲ ಹೊರ ಊರು. ಅದು ಕಾರಿನ ಊರು. ಒಳ ಊರಿನಲ್ಲಿ ಕಾರು ಓಡಿಸಲು ಹೋದರೆ ಒನ್‌ವೇ ಸುತ್ತುತ್ತಾ ಅದೇ ವೃತ್ತಕ್ಕೆ ನಾಲ್ಕು ಸಲ ಬರ್ತೀರಿ. ಹೊರ ಊರಿನಲ್ಲಿ ಆಟೋ ಹಿಡಿದರೆ ಕಾಸು ದಂಡ.

ನಾನಾದರೆ ಭಾನುವಾರ ಪೂರ್ವ ದಿಕ್ಕು ಮುಗಿಸುತ್ತೇನೆ. ಬೆಳಗ್ಗೆ ಬೇಗ ಬೆಟ್ಟ. ದೇವಸ್ಥಾನದಲ್ಲಿ ಏಳೂವರೆಗೆ ದರ್ಶನ ಶುರು. ಅಷ್ಟೊತ್ತಿಗೆ ಮೇಲಿದ್ದರೆ ಜನ ಕಡಿಮೆ, ಕಾರು ನಿಲ್ಲಿಸಲು ಜಾಗವೂ ಸಿಗುತ್ತೆ. ಇಳಿಯುವಾಗ ನಂದಿ. ಕೆಳಗೆ ಬಂದು ಲಲಿತಮಹಲ್ ರಸ್ತೆ ಹಿಡಿದರೆ ಅದೇ ದಾರಿಯಲ್ಲಿ ಮೃಗಾಲಯ, ಕಾರಂಜಿ ಕೆರೆ. ಎಲ್ಲೂ ಹಿಂದೆ ಮುಂದೆ ಓಡಾಡಬೇಕಿಲ್ಲ. ಮಧ್ಯಾಹ್ನ ರೂಮಿಗೆ ಹೋಗಿ ಅಮ್ಮ ಮಲಗಲಿ. ಸಂಜೆ ಅರಮನೆಯ ದೀಪ.

ಸೋಮವಾರ ಬೆಳಗ್ಗೆ 10ಕ್ಕೆ ಅರಮನೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಭಾನುವಾರದ ಅರ್ಧದಷ್ಟೂ ನೂಕುನುಗ್ಗಲು ಇರಲ್ಲ. ಅಲ್ಲಿಂದ ಜಗನ್ಮೋಹನ, ಮಾರುಕಟ್ಟೆ. ಸಂಜೆ ಕೆಆರ್‌ಎಸ್.

ನಕ್ಷೆಪ್ರಿಯ:
ಶ್ರೀರಂಗಪಟ್ಟಣವನ್ನು ಮಂಗಳವಾರಕ್ಕೆ ಹಾಕಿ. ದಾವಣಗೆರೆಗೆ ವಾಪಸ್ ಹೋಗುವುದು ನಾಗಮಂಗಲ, ತಿಪಟೂರು, ಹಿರಿಯೂರು, ಚಿತ್ರದುರ್ಗದ ಮೇಲಾದರೆ ಅದು ದಾರಿಯಲ್ಲೇ ಸಿಗುತ್ತೆ. ರಂಗನಾಥಸ್ವಾಮಿ ದೇವಸ್ಥಾನ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಎರಡು ನೋಡಿ ಹೊರಡಿ. ದರಿಯಾ ದೌಲತ್ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. 1780ರಲ್ಲಿ ನಡೆದ ಯುದ್ಧ. ಹುಡುಗನಿಗೆ ಆನೆ, ಕುದುರೆ, ತೋಪು ಎಣಿಸುವುದಕ್ಕೇ ಅರ್ಧ ಗಂಟೆ ಬೇಕು.

ಹಳೇಮೈಸೂರು1958:
ಮಗಳೇ, ನಾನು ನಿವೃತ್ತ ಮೇಷ್ಟ್ರು, ಹುಟ್ಟಿದ್ದು ಬೆಳೆದಿದ್ದು ಅಗ್ರಹಾರದಲ್ಲಿ. ಗೈಡು ಬೇಡ ಅಂದಿದ್ದೀಯ, ಸರಿ. ಆದರೆ ಗೈಡ್ ಇಲ್ಲದೆ ಹೋಗುವವರು ಮನೆಯಲ್ಲೇ ಸ್ವಲ್ಪ ಓದಿಕೊಂಡು ಹೋಗಬೇಕು. ಇಲ್ಲದಿದ್ದರೆ ಅರಮನೆ ಬರೀ ದೊಡ್ಡ ಕಟ್ಟಡ ಅಷ್ಟೆ.

ಈಗಿನ ಅಂಬಾವಿಲಾಸ ಅರಮನೆ ತೀರಾ ಹಳೆಯದೇನಲ್ಲ. ಮೊದಲು ಇದ್ದದ್ದು ಮರದ ಅರಮನೆ. ಅದು 1897ರಲ್ಲಿ ಸುಟ್ಟುಹೋಯಿತು. ಆಮೇಲೆ ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ನಕ್ಷೆಯಲ್ಲಿ ಕಟ್ಟಿ 1912ರಲ್ಲಿ ಮುಗಿಸಿದರು. ಕಲ್ಯಾಣ ಮಂಟಪಕ್ಕೆ ಹೋದಾಗ ತಲೆ ಎತ್ತಿ ನೋಡಿ. ಮೇಲೆ ನವಿಲಿನ ಬಣ್ಣದ ಗಾಜು. ಅದನ್ನು ಹೊತ್ತು ನಿಂತ ಕಬ್ಬಿಣದ ಕಂಬಗಳನ್ನು ಎರಕ ಹೊಯ್ದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಸುತ್ತಲಿನ ಗೋಡೆಯ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು. ಅಲ್ಲಿ ಅವಸರ ಮಾಡಬೇಡಿ. ಆ ಚಿತ್ರಗಳಲ್ಲಿ ಕಾಣುವ ಒಬ್ಬೊಬ್ಬರ ಮುಖವೂ ಬೇರೆ ಬೇರೆ.

ಚಿಕ್ಕಗಡಿಯಾರ:
ದಸರಾ ದೀಪದಿಂದಲೇ ಹಳೆ ಅರಮನೆ ಸುಟ್ಟಿದ್ದು ಅಲ್ವಾ ಸರ್?

ಹಳೇಮೈಸೂರು1958:
ಅಲ್ಲಪ್ಪ. ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದದ್ದು. ದಸರಾ ಅಂತ ಬಹಳ ಜನ ಹೇಳುತ್ತಾರೆ, ಅದು ತಪ್ಪು. ಆ ಜಯಲಕ್ಷಮ್ಮಣ್ಣಿಯವರ ಬಂಗಲೆಯೇ ಈಗ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ.

ಬೆಣ್ಣೆದೋಸೆ_ಊರು:
ಇಷ್ಟು ಬೇಗ ಇಷ್ಟೊಂದು ಉತ್ತರ! ಮೇಷ್ಟ್ರೇ, ಮಗನಿಗೆ ಓದಿ ಹೇಳಿದೆ. ಕಂಬ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತಾ ಅಂತ ಕೇಳುತ್ತಿದ್ದಾನೆ.

ಸ್ಟೇರಿಂಗ್ ಅಕ್ಕ, ನಿಮ್ಮ ಎರಡು ಊರಿನ ಲೆಕ್ಕ ಮನಸ್ಸಿಗೆ ಹಿಡಿಸಿತು. ಆದರೆ ಅಮ್ಮ ಜಾಸ್ತಿ ನಡೆಯಲಾರರು. ಒಳ ಊರು ನಡೆದೇ ನೋಡಬೇಕು ಅಂದರೆ ಏನು ಮಾಡುವುದು?

ಸ್ಟೇರಿಂಗ್_ಅಕ್ಕ:
ಕಾರನ್ನು ಅರಮನೆಯ ವರಾಹ ದ್ವಾರದ ಕಡೆ ಪಾರ್ಕಿಂಗ್‌ನಲ್ಲಿ ಬಿಡಿ. ಪ್ರವಾಸಿಗರು ಒಳಗೆ ಹೋಗುವುದೂ ಅದೇ ದಕ್ಷಿಣದ ಬಾಗಿಲಿಂದ. ಅರಮನೆ ಮುಗಿಸಿದ ಮೇಲೆ ಕಾರು ಅಲ್ಲೇ ಇರಲಿ. ಜಗನ್ಮೋಹನಕ್ಕೆ, ಮಾರುಕಟ್ಟೆಗೆ ಆಟೋ ಮಾಡಿ. ಹತ್ತಿರದ ದಾರಿ. ಮೀಟರ್ ಹಾಕಿ ಅಂತ ಹತ್ತುವ ಮೊದಲೇ ಕೇಳಿ. ಅಮ್ಮನಿಗೆ ಸುಲಭವಾಗಿ ಹಾಕಿ ತೆಗೆಯುವ ಚಪ್ಪಲಿ ಇರಲಿ. ಅರಮನೆಯಲ್ಲಿ ಚಪ್ಪಲಿ ಹೊರಗೇ ಬಿಡಬೇಕು. ಬಿಸಿಲೇರಿದ ಮೇಲೆ ಆ ನೆಲ ಸುಡುತ್ತೆ, ಕಾಲಿಗೆ ಸಾಕ್ಸ್ ಹಾಕಿಸಿ.

ಪುಣೆಕನ್ನಡಿಗ:
ಆಟೋ ವಿಷಯಕ್ಕೆ ನನ್ನದೊಂದು ಅನುಭವ. ಅರಮನೆ ಹತ್ತಿರ ಒಬ್ಬ ಬಂದು, "ಸರ್, ಅರಮನೆ ಇವತ್ತು ಮಧ್ಯಾಹ್ನದ ತನಕ ತೆರೆಯಲ್ಲ, ಅಷ್ಟರಲ್ಲಿ ನಿಮಗೆ ಹಳೆ ಮಾರುಕಟ್ಟೆ ತೋರಿಸ್ತೀನಿ" ಅಂದ. ನಂಬಿ ಹೋದೆವು. ಕರೆದುಕೊಂಡು ಹೋದದ್ದು ಅಗರಬತ್ತಿ, ಗಂಧದೆಣ್ಣೆ ಅಂಗಡಿಗೆ. ಒಂದು ಗಂಟೆ, ಎರಡು ಸಾವಿರ ರೂಪಾಯಿ ಹೋಯಿತು. ವಾಪಸ್ ಬಂದರೆ ಅರಮನೆ ಬೆಳಗ್ಗೆಯಿಂದ ತೆರೆದೇ ಇತ್ತು. ನನ್ನ ಹೆಂಡತಿ ದಿನವಿಡೀ ಬೇಜಾರಿನಲ್ಲಿದ್ದಳು. ಹೊರಗೆ ಯಾರೇ ಮುಚ್ಚಿದೆ ಅಂದರೂ ಟಿಕೆಟ್ ಕೌಂಟರಿನ ತನಕ ಹೋಗಿ ನೋಡಿ.

ಒಂಟಿಕೊಪ್ಪಲ್_ಹುಡುಗ:
ಇದನ್ನು ಓದಿ ನನಗೆ ಬೇಸರವಾಯ್ತು ಸರ್. ನಮ್ಮ ಊರಿಗೆ ಬಂದವರಿಗೆ ಹೀಗೆ ಆಗಬಾರದು. ಒಳ್ಳೆಯ ಆಟೋದವರೂ ಬೇಕಾದಷ್ಟು ಜನ ಇದ್ದಾರೆ. ಗಂಧದೆಣ್ಣೆ ಬೇಕಿದ್ದರೆ ಸರ್ಕಾರಿ ಕಾರ್ಖಾನೆಯ ಮಳಿಗೆಗೆ ಹೋಗಿ. 1916ರಲ್ಲಿ ಶುರುವಾದ ಕಾರ್ಖಾನೆ. ರೇಷ್ಮೆ ಸೀರೆಗೂ ಮಾನಂದವಾಡಿ ರಸ್ತೆಯಲ್ಲಿರುವ, ಸರ್ಕಾರದ್ದೇ ಆದ ಕೆಎಸ್‌ಐಸಿ ಮಳಿಗೆಯೇ ಸರಿ. ಅಮ್ಮನವರು ಸೀರೆ ತೆಗೆದುಕೊಳ್ಳುವುದಾದರೆ ಇನ್ನೆಲ್ಲೂ ಬೇಡ.

ನಕ್ಷೆಪ್ರಿಯ:
ಓಡಿಸುವವರಿಗೆ ಒಂದು ಮುಖ್ಯ ವಿಷಯ. ಮೊಬೈಲ್ ಮ್ಯಾಪ್ ಹೇಳುವ ಹೆಸರು ಬೇರೆ, ಊರಿನವರು ಹೇಳುವ ಹೆಸರು ಬೇರೆ. ಬೋರ್ಡಿನಲ್ಲಿ ಜಯಚಾಮರಾಜ ಒಡೆಯರ್ ವೃತ್ತ ಅಂತ ಇರುತ್ತೆ. ಜನರ ಬಾಯಲ್ಲಿ ಇವತ್ತಿಗೂ ಹಾರ್ಡಿಂಜ್ ಸರ್ಕಲ್. ಡಫರಿನ್ ಗಡಿಯಾರ ಅಂದರೆ ಯಾರಿಗೂ ಗೊತ್ತಾಗಲ್ಲ, ಚಿಕ್ಕ ಗಡಿಯಾರ ಅನ್ನಿ. ಪುರಭವನದ ಹತ್ತಿರದ್ದು ದೊಡ್ಡ ಗಡಿಯಾರ. ಎರಡನ್ನೂ ಒಂದೇ ಅಂದುಕೊಂಡು ದಾರಿ ತಪ್ಪಿದವರನ್ನು ಬಹಳ ನೋಡಿದ್ದೇನೆ.

ಅರಮನೆಯ ಸುತ್ತಲಿನ ವೃತ್ತಗಳನ್ನು ಒಂದು ಕಾಗದದ ಮೇಲೆ ಬರೆದು ಮಗನ ಕೈಗೆ ಕೊಡಿ. ಕೆ.ಆರ್. ವೃತ್ತದಲ್ಲಿ ನಾಲ್ವಡಿಯವರು, ಚಾಮರಾಜ ವೃತ್ತದಲ್ಲಿ ಚಾಮರಾಜೇಂದ್ರ ಒಡೆಯರು, ಹಾರ್ಡಿಂಜ್‌ನಲ್ಲಿ ಜಯಚಾಮರಾಜರು. ಯಾವ ಮಹಾರಾಜರು ಕಂಡರು ಅಂತ ಅವನು ಹೇಳಿದರೆ ನೀವು ಎಲ್ಲಿದ್ದೀರಿ ಅಂತ ತಾನಾಗಿ ಗೊತ್ತಾಗುತ್ತೆ.

ಬೆಣ್ಣೆದೋಸೆ_ಊರು:
ಇದು ತುಂಬಾ ಚೆನ್ನಾಗಿದೆ! ಅವನು ಈಗಲೇ ಪೆನ್ಸಿಲ್ ಹಿಡಿದು ಕೂತಿದ್ದಾನೆ.

ಕುಕ್ಕರಹಳ್ಳಿ_ವಾಕರ್:
ಬೆಟ್ಟದ ರಸ್ತೆ ಬಗ್ಗೆ ಯಾರೂ ಹೇಳಲಿಲ್ಲ. ಬೆಳಗಿನ ಹೊತ್ತು ಅಲ್ಲಿ ಸೈಕಲ್ಲಿನವರು, ನಡೆಯುವವರು ಜಾಸ್ತಿ. ತಿರುವಿನಲ್ಲಿ ಹಾರ್ನ್ ಮಾಡಿ ನಿಧಾನ ಹೋಗಿ. ಇಳಿಯುವಾಗ ಸುಮ್ನೆ ಬ್ರೇಕ್ ಒತ್ತುತ್ತಾ ಬರಬೇಡಿ, ಸೆಕೆಂಡ್ ಗೇರ್‌ನಲ್ಲಿ ಬನ್ನಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಕೆಳಗಿಳಿದರೆ ಕೋತಿ ಕಿತ್ತುಕೊಳ್ಳುತ್ತೆ.

ಕರಾವಳಿ_ಕಾರು:
ನಂದಿ ನೋಡಲು ಮೆಟ್ಟಿಲು ಇಳಿಯಬೇಕಲ್ಲ? ಅಮ್ಮನ ಮಂಡಿಗೆ ಆಗುತ್ತಾ?

ಕುಕ್ಕರಹಳ್ಳಿ_ವಾಕರ್:
ಬೇಡ. ಮೆಟ್ಟಿಲು ಸಾವಿರದಷ್ಟಿವೆ, ನಂದಿ ಇರುವುದು ಕೆಳಗಿನಿಂದ ಸುಮಾರು 700ನೇ ಮೆಟ್ಟಿಲ ಹತ್ತಿರ. ಆದರೆ ಕಾರಿನ ರಸ್ತೆಯಿಂದ ಕವಲು ದಾರಿ ಇದೆ, ನಂದಿಯ ಪಕ್ಕದ ತನಕ ಹೋಗುತ್ತೆ. 2021ರ ಮಳೆಗೆ ಆ ದಾರಿ ಕುಸಿದಿತ್ತು. ಹಾಗಾಗಿ ಜೋರು ಮಳೆ ಬಂದ ಮಾರನೇ ದಿನ ಹೋಗುವುದಾದರೆ ದಾರಿ ಬಿಟ್ಟಿದ್ದಾರಾ ಅಂತ ಮೊದಲು ಕೇಳಿಕೊಳ್ಳಿ. ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲೆಯ ನಂದಿ. 15 ಅಡಿ ಎತ್ತರ. ಕೊರಳಿನ ಗಂಟೆಯ ಸರವನ್ನು ಹತ್ತಿರದಿಂದ ನೋಡಿ. ಕಲ್ಲಿನಲ್ಲಿ ಕೆತ್ತಿದ್ದು ಅಂತ ಅನಿಸುವುದೇ ಇಲ್ಲ.

ಚಿಕ್ಕಗಡಿಯಾರ:
ಲಲಿತಮಹಲ್ ರಾಣಿಗೋಸ್ಕರ ಕಟ್ಟಿಸಿದ್ದು, ಅದನ್ನೂ ಒಳಗೆ ಹೋಗಿ ನೋಡಿ.

ಹಳೇಮೈಸೂರು1958:
ರಾಣಿಗಲ್ಲ, ವೈಸ್‌ರಾಯ್ ಬಂದರೆ ಉಳಿದುಕೊಳ್ಳಲು. 1921ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ಹೋಲಿಕೆ ಇದೆ. 1974ರಿಂದ ಹೋಟೆಲ್. ಬೆಟ್ಟದ ಮೇಲಿಂದ ನೋಡಿದರೆ ಹಸಿರಿನ ನಡುವೆ ಬಿಳಿ ಗುಮ್ಮಟ ಕಾಣುತ್ತಲ್ಲ, ನನಗೆ ಅದೇ ಅದರ ನಿಜವಾದ ನೋಟ. ಒಳಗೆ ಹೋಗದಿದ್ದರೂ ನಷ್ಟವಿಲ್ಲ.

ಪುಣೆಕನ್ನಡಿಗ:
ಜಗನ್ಮೋಹನದಲ್ಲಿ ರವಿವರ್ಮನ ದೀಪ ಹಿಡಿದ ಹೆಂಗಸಿನ ಚಿತ್ರ ತಪ್ಪಿಸಬೇಡಿ.

ಹಳೇಮೈಸೂರು1958:
ಇದನ್ನು ತಿದ್ದಲೇಬೇಕು. ರವಿವರ್ಮನ ಚಿತ್ರಗಳು ಅಲ್ಲಿ ಇವೆ, ನಿಜ. ಆದರೆ ಆ ದೀಪದ ಹೆಂಗಸು ರವಿವರ್ಮನದ್ದಲ್ಲ. ಮಹಾರಾಷ್ಟ್ರದ ಎಸ್.ಎಲ್. ಹಳದಣಕರ್ ಬರೆದದ್ದು. ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ. ಕಲಾವಿದ ತನ್ನ ಮಗಳು ಗೀತಾಳನ್ನೇ ನಿಲ್ಲಿಸಿ ಬರೆದ ಚಿತ್ರ. ಆಕೆ ನೂರು ವರ್ಷ ದಾಟಿ ಬದುಕಿದ್ದರು. ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಹೇಳುತ್ತಿದ್ದೆ, ಬೆರಳುಗಳ ಸಂದಿಯ ಕೆಂಪನ್ನು ನೋಡಿ ಅಂತ. ದೀಪದ ಬೆಳಕು ಕೈಯ ಚರ್ಮದೊಳಗಿಂದ ಬಂದಂತೆ ಕಾಣುತ್ತೆ.

ಪುಣೆಕನ್ನಡಿಗ:
ಇಷ್ಟು ವರ್ಷ ತಪ್ಪು ತಿಳಿದಿದ್ದೆ. ಥ್ಯಾಂಕ್ಸ್ ಮೇಷ್ಟ್ರೇ.

ಒಂಟಿಕೊಪ್ಪಲ್_ಹುಡುಗ:
ಹೋಗುವ ಮೊದಲು ಗ್ಯಾಲರಿ ತೆರೆದಿದೆಯಾ ಕೇಳಿಕೊಳ್ಳಿ. ರಿಪೇರಿ ಕೆಲಸಕ್ಕೆ ಮುಚ್ಚುವುದುಂಟು.

ಚಿಕ್ಕಗಡಿಯಾರ:
ಊಟ ತಿಂಡಿ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ನಜರ್‌ಬಾದ್‌ನಲ್ಲಿ ಮೈಲಾರಿ ದೋಸೆ ತಿನ್ನಲೇಬೇಕು. ಬೆಟ್ಟದಿಂದ ಮೃಗಾಲಯಕ್ಕೆ ಬರುವಾಗ ಹತ್ತಿರವೇ.

ಬೆಣ್ಣೆದೋಸೆ_ಊರು:
ದಾವಣಗೆರೆಯವರಿಗೆ ದೋಸೆ ತೋರಿಸ್ತೀರಾ! ನಮ್ಮ ಬೆಣ್ಣೆ ದೋಸೆ ಮುಂದೆ ಯಾವುದೂ ಇಲ್ಲ.

ಚಿಕ್ಕಗಡಿಯಾರ:
ಹೋಲಿಸಬೇಡಿ ಅಕ್ಕ. ನಿಮ್ಮದು ಗರಿಗರಿ, ಮೈಲಾರಿ ಹತ್ತಿಯಂತೆ ಮೆತ್ತಗೆ. ಎರಡೂ ಬೆಣ್ಣೆಯದ್ದೇ ಆದರೂ ಹದ ಬೇರೆ. ತಿಂದು ನೋಡಿ ಆಮೇಲೆ ಹೇಳಿ.

ಸ್ಟೇರಿಂಗ್_ಅಕ್ಕ:
ದೋಸೆ ಜಗಳ ಶುರುವಾದರೆ ನಾಳೆಯ ತನಕ ಮುಗಿಯಲ್ಲ. ಮೈಸೂರು ಪಾಕ್ ಬೇಕಿದ್ದರೆ ಮಾರುಕಟ್ಟೆ ಪಕ್ಕ, ಕೆ.ಆರ್. ವೃತ್ತದ ಹತ್ತಿರ ಗುರು ಸ್ವೀಟ್ಸ್. ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರ ಮನೆತನದ ಅಂಗಡಿ. ಮೃದುವಾದದ್ದಲ್ಲ, ಗೂಡುಗೂಡಾಗಿರುವ ಹಳೆ ಹದದ್ದು ಕೇಳಿ.

ನಕ್ಷೆಪ್ರಿಯ:
ವಿಷಯಕ್ಕೆ ಬರೋಣ. ಸೋಮವಾರ ಮಧ್ಯಾಹ್ನದ ಮೇಲೆ ರೈಲು ವಸ್ತುಸಂಗ್ರಹಾಲಯ ಸೇರಿಸಿ. ಅದು ಕೆಆರ್‌ಎಸ್ ರಸ್ತೆಯಲ್ಲೇ ಇದೆ, ಆ ಸಂಜೆ ಹೋಗುವ ದಾರಿಯೂ ಅದೇ. ಮಹಾರಾಣಿಯವರ 1899ರ ರೈಲು ಡಬ್ಬಿ ಅಲ್ಲಿದೆ. ಚರ್ಚ್ ಬೇಕಿದ್ದರೆ ಅದಕ್ಕೂ ಮೊದಲು. ಲಷ್ಕರ್ ಮೊಹಲ್ಲಾ ಕಡೆಯಿಂದ ಹೋಗಬೇಕು, 175 ಅಡಿಯ ಎರಡು ಗೋಪುರ ದೂರದಿಂದಲೇ ಕಾಣುತ್ತವೆ. ಆ ರಸ್ತೆಯಲ್ಲಿ ದಟ್ಟಣೆ ಜಾಸ್ತಿ, ತಾಳ್ಮೆ ಇರಲಿ.

ಕರಾವಳಿ_ಕಾರು:
ಇಷ್ಟೆಲ್ಲ ತುಂಬಿಸಿದರೆ ಸೋಮವಾರವೂ ಎದ್ದೆವೋ ಬಿದ್ದೆವೋ ಅಂತ ಓಡಬೇಕಾಗುತ್ತೆ. ನನ್ನ ಪ್ರಕಾರ ಚರ್ಚ್ ಅಥವಾ ಕೆಆರ್‌ಎಸ್, ಯಾವುದಾದರೂ ಒಂದು ಬಿಡಿ.

ನಕ್ಷೆಪ್ರಿಯ:
ಕೆಆರ್‌ಎಸ್ 20 ಕಿಲೋಮೀಟರ್ ಅಷ್ಟೆ ಸರ್. ಮಗುವಿಗೆ ನೀರಿನ ಕಾರಂಜಿ ತೋರಿಸದೆ ಕರೆದುಕೊಂಡು ಹೋಗುವುದಾ?

ಕರಾವಳಿ_ಕಾರು:
20 ಕಿಲೋಮೀಟರ್ ಹೋಗಿ, ಉದ್ಯಾನದೊಳಗೆ ಅಷ್ಟುದ್ದ ನಡೆದು, ರಾತ್ರಿ ವಾಪಸ್ ಓಡಿಸಿ, ಮಾರನೇ ದಿನ ಮತ್ತೆ ದಾವಣಗೆರೆ ತನಕ ಸ್ಟೇರಿಂಗ್ ಹಿಡಿಯುವುದು ಅವರೊಬ್ಬರೇ. ಓಡಿಸುವವರ ಬೆನ್ನನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಸ್ವಂತ ಕಾರಿನಲ್ಲಿ ಹೋಗುವವರು ಮರೆಯುವುದೇ ಅದನ್ನು. ನಾನು ಒಂದು ಸಲ ಹೀಗೇ ಎರಡು ದಿನ ಸುತ್ತಿ, ಮೂರನೇ ದಿನ ಘಾಟಿನಲ್ಲಿ ಕಣ್ಣು ಎಳೆಯಿತು. ಗಾಡಿ ಪಕ್ಕಕ್ಕೆ ಹಾಕಿ ಒಂದು ಗಂಟೆ ಮಲಗಿದೆ. ಹೆಂಡತಿ ಮಕ್ಕಳು ಹಿಂದೆ ಮಲಗಿದ್ದರು, ಅವರಿಗೆ ಗೊತ್ತೇ ಆಗಲಿಲ್ಲ. ಈಗ ನೆನೆಸಿಕೊಂಡರೂ ಎದೆ ಝಲ್ ಅನ್ನುತ್ತೆ.

ಸ್ಟೇರಿಂಗ್_ಅಕ್ಕ:
ಇದು ನಿಜವಾದ ಮಾತು. ಇದಕ್ಕೆ ನನ್ನದೂ ಒಂದು ಓಟು. ಕೆಆರ್‌ಎಸ್ ಬಿಡಿ ತಂಗಿ.

ಬೆಣ್ಣೆದೋಸೆ_ಊರು:
(ಆರು ವಾರದ ನಂತರ)
ಹೋಗಿ ಬಂದೆವು. ನಿಮಗೆಲ್ಲ ಹೇಳದೆ ಇರಲು ಮನಸ್ಸಾಗಲಿಲ್ಲ.

ಬೆಟ್ಟದ ಮೇಲೆ ಏಳೂ ಇಪ್ಪತ್ತಕ್ಕೆ ಇದ್ದೆವು. ಅಮ್ಮ ನೂಕಿಸಿಕೊಳ್ಳದೆ ದೇವಿಯ ದರ್ಶನ ಮಾಡಿದರು. ನಂದಿಯ ಹತ್ತಿರ ಕಾರು ಹೋಯಿತು. ಮೃಗಾಲಯದಲ್ಲಿ ಹಿರಿಯರಿಗೆ ಬ್ಯಾಟರಿ ಗಾಡಿ ಇತ್ತು, ಅಪ್ಪ ಅಮ್ಮ ಅದರಲ್ಲಿ, ನಾನೂ ಮಗನೂ ನಡೆದು. ಕಾರಂಜಿ ಕೆರೆಯಲ್ಲಿ ಪಕ್ಷಿಗಳ ದೊಡ್ಡ ಬಲೆಯೊಳಗೆ ಹೋದಾಗ ನವಿಲೊಂದು ಮಗನ ಎದುರೇ ನಡೆದುಹೋಯಿತು.

ಕೆಆರ್‌ಎಸ್ ಬಿಟ್ಟೆವು. ಕರಾವಳಿ ಸರ್, ನಿಮ್ಮ ಮಾತು ಕೇಳಿದ್ದಕ್ಕೆ ಮಂಗಳವಾರ ಆರಾಮಾಗಿ ಓಡಿಸಿದೆ. ಅದರ ಬದಲು ಸೋಮವಾರ ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತಿದ್ದೆವು.

ದೀಪದ ಬಗ್ಗೆ ಹೇಳಬೇಕು. ಅಪ್ಪ ಕಾಲೇಜಿನಲ್ಲಿದ್ದಾಗ ಸ್ನೇಹಿತರ ಜೊತೆ ಒಂದು ಸಲ ದಸರಾಕ್ಕೆ ಬಂದಿದ್ದರಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಏಳು ಗಂಟೆಗೆ ಒಂದೇ ಸಲ ಅಷ್ಟೂ ಬಲ್ಬು ಹತ್ತಿದಾಗ ಮಗ ಕಿರುಚಿದ. ಅಪ್ಪ ಮಾತೇ ಆಡಲಿಲ್ಲ. ಆಮೇಲೆ ಕೈ ಮಾಡಿ ತೋರಿಸಿ, "ಅಗೋ ಅಲ್ಲಿ ನಿಂತಿದ್ವಿ, ರಾತ್ರಿ ಉಳಿಯೋಕೆ ದುಡ್ಡಿರಲಿಲ್ಲ, ಸ್ಟೇಷನ್ನಲ್ಲಿ ಮಲಗಿದ್ವಿ" ಅಂದರು. ದೀಪ ಆರಿದ ಮೇಲೂ ಹತ್ತು ನಿಮಿಷ ಅಲ್ಲೇ ನಿಂತಿದ್ದೆವು. ಸೀಟಿ ಊದುವವರು ಯಾರೂ ಇರಲಿಲ್ಲ.

ದೋಸೆ ಚೆನ್ನಾಗಿತ್ತು ಚಿಕ್ಕಗಡಿಯಾರ ಅವರೇ. ಆದರೂ ನಮ್ಮದೇ ಮೊದಲು.

ಹಳೇಮೈಸೂರು1958:
ತುಂಬಾ ಸಂತೋಷವಾಯಿತು ಮಗಳೇ. ನಿನ್ನ ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಮುಂದಿನ ಸಲ ದಸರಾಕ್ಕೇ ಕರೆದುಕೊಂಡು ಬಾ, ಆದರೆ ಕಾರನ್ನು ಊರ ಹೊರಗೆ ಬಿಟ್ಟು ಬಾ.

ಚಿಕ್ಕಗಡಿಯಾರ:
ಎರಡನೇ ಸ್ಥಾನ ಕೊಟ್ಟಿದ್ದಕ್ಕೆ ಸದ್ಯಕ್ಕೆ ಒಪ್ಪಿಕೊಂಡಿದ್ದೇನೆ ಅಕ್ಕ.

ಹಾವೇರಿ_ಏಲಕ್ಕಿ:
ಈ ಚರ್ಚೆ ಪೂರ್ತಿ ಓದಿದೆ. ನಾವೂ ಹೀಗೇ ಕಾರಿನಲ್ಲಿ ಹೊರಟಿದ್ದೇವೆ. ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗಬೇಕು ಅಂತ ಅತ್ತೆಯವರ ಆಸೆ. ಎಷ್ಟು ಗಂಟೆಗೆ ಹೊರಟರೆ ಮೇಲೆ ಪಾರ್ಕಿಂಗ್ ಸಿಗುತ್ತೆ?

ಕುಕ್ಕರಹಳ್ಳಿ_ವಾಕರ್:
ಆಷಾಢ ಶುಕ್ರವಾರ ಸ್ವಂತ ಗಾಡಿಯನ್ನು ಬೆಟ್ಟಕ್ಕೆ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಕಾರು ನಿಲ್ಲಿಸಿ, ಅಲ್ಲಿಂದ ಬಸ್ಸಿನಲ್ಲಿ ಹೋಗಬೇಕು. ಕತ್ತಲಿರುವಾಗಲೇ ಬನ್ನಿ, ಬೆಳಕು ಹರಿಯುವಷ್ಟರಲ್ಲಿ ಕ್ಯೂ ಬಹಳ ಉದ್ದ ಆಗಿರುತ್ತೆ. ಅತ್ತೆಯವರಿಗೆ ಎಷ್ಟು ವಯಸ್ಸು?